ಸೊನ್ನೆ, ಗುಡುಸು ಮತ್ತು ಹನ್ನೆರಡು ವಚನ: ಕೊಡಗಿನ ಒಂದು ಸಭೆಯ ಪ್ರಕರಣ

"ಅಯ್ಯನವರೇ, ನೀವು ಈಗ ಓದಿದ ಭಾಗವನ್ನು ಯೋಹಾನನು ಬರೆದೇ ಇಲ್ಲ."

ಸಭಾ ಸಮಿತಿಯ ಮೇಜಿನ ಮೇಲೆ ಮೊಬೈಲ್ ಇಟ್ಟು ಹೀಗೆ ಹೇಳಿದವರು ಎಪ್ಪತ್ತು ದಾಟಿದ ಒಬ್ಬ ಹಿರಿಯರು. ನಡಾವಳಿ ಬರೆಯುತ್ತಿದ್ದ ನನ್ನ ಕೈ ನಿಂತಿತು. ಮಾತಿಗಿಂತ ಅದು ಬಂದ ಬಾಯಿ ನನ್ನನ್ನು ಬೆರಗಾಗಿಸಿತ್ತು. ಬೈಬಲ್ಲಿನ ಬಗ್ಗೆ ಯಾರಾದರೂ ಒಂದು ಅನುಮಾನ ಎತ್ತಿದರೆ ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯವನ್ನು ಒಪ್ಪಿಸಿ ಬಾಯಿ ಮುಚ್ಚಿಸುತ್ತಿದ್ದವರು ಅವರು: ಒಂದು ಸೊನ್ನೆಯಾದರೂ ಒಂದು ಗುಡುಸಾದರೂ ಅಳಿದುಹೋಗದು. ಮೂಲದ ಅತಿ ಸಣ್ಣ ಅಕ್ಷರವನ್ನೂ ಅಕ್ಷರದ ಕೊಂಬನ್ನೂ ಕನ್ನಡದ ಸೊನ್ನೆ, ಗುಡುಸುಗಳಾಗಿ ಮಾಡಿದ ಅನುವಾದಕರ ಜಾಣ್ಮೆಗೆ ನಾನು ಎಷ್ಟೋ ಸಲ ತಲೆದೂಗಿದ್ದೇನೆ. ಆ ದಿನ ಅದೇ ಹಿರಿಯರು ಗುಡುಸಿನ ತಂಟೆಗೆ ಹೋಗದೆ ವ್ಯಭಿಚಾರದಲ್ಲಿ ಹಿಡಿದ ಹೆಂಗಸಿನ ಕಥೆಯ ಇಡೀ ಹನ್ನೆರಡು ವಚನಗಳನ್ನು ಒಂದೇ ಉಸಿರಿಗೆ ಪಕ್ಕಕ್ಕೆ ಸರಿಸಿದ್ದರು.

ಈ ಪ್ರಕರಣವನ್ನು ಬರೆಯಬೇಕೆಂದು ಅನ್ನಿಸಿದ್ದು ಅದಕ್ಕಾಗಿಯೇ. ಪಂಡಿತರ ಬೈಬಲ್ ಮತ್ತು ಜನರ ಬೈಬಲ್ ಎದುರುಬದುರಾದಾಗ ಪಂಡಿತರು ಸಂಶಯದ ಕಡೆ, ಜನ ನಂಬಿಕೆಯ ಕಡೆ ಇರುತ್ತಾರೆ ಎಂದು ನಾವು ಭಾವಿಸುತ್ತೇವೆ. ನಮ್ಮಲ್ಲಿ ಅದು ತಲೆಕೆಳಗಾಗಿ ನಡೆಯಿತು. ಸಭೆಯ ಹೆಸರು, ಊರು, ಜನರ ಹೆಸರು ಇಲ್ಲಿ ಬರುವುದಿಲ್ಲ. ಗುರುತು ಹತ್ತುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಹಿನ್ನೆಲೆ

ದಕ್ಷಿಣ ಕೊಡಗಿನ ಕಾಫಿ ತೋಟಗಳ ನಡುವಿನ ಸಣ್ಣ ಪ್ರಾಟೆಸ್ಟಂಟ್ ಸಭೆ ನಮ್ಮದು. ಅರವತ್ತರಷ್ಟು ಕುಟುಂಬಗಳು. ಮಂಗಳೂರು ಕಡೆಯಿಂದ ಬಂದವರು, ಕೊಳ್ಳೇಗಾಲದ ಕಡೆಯವರು, ಮನೆಯಲ್ಲಿ ತಮಿಳೋ ಮಲಯಾಳವೋ ಆಡಿ ಆರಾಧನೆಗೆ ಕನ್ನಡದಲ್ಲಿ ಕೂಡುವವರು. ಮುಕ್ಕಾಲು ಪಾಲು ಜನ ಮೂರು ತಲೆಮಾರಿನಿಂದ ತೋಟದ ಲೈನ್ ಮನೆಗಳಲ್ಲಿದ್ದವರು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು, ಸಮಿತಿಯ ಕಾರ್ಯದರ್ಶಿ.

ಮೊಬೈಲ್ ಇಟ್ಟ ಹಿರಿಯರು ಒಂದು ದೊಡ್ಡ ತೋಟದಲ್ಲಿ ರೈಟರ್ ಆಗಿದ್ದವರು. ಚೆಕ್‌ರೋಲಿನಲ್ಲಿ ಒಂದು ಆಳಿನ ಅರ್ಧ ದಿನವೂ ತಪ್ಪದಂತೆ ಬರೆದವರು. ಇವರನ್ನು ಕಥೆಯ ಖಳನೆಂದು ಯಾರೂ ತಿಳಿಯಬಾರದು. ಸಭೆಯಲ್ಲಿ ಯಾರು ಸತ್ತರೂ ಮೊದಲು ಹೋಗಿ ರಾತ್ರಿಯಿಡೀ ಕೂರುವವರು ಇವರೇ, ಗುಂಡಿ ತೋಡಲು ಆಳು ಹೊಂದಿಸುವವರೂ ಇವರೇ.

ಅಂದು ಸಮಿತಿಯ ಮುಂದಿದ್ದದ್ದು, ತನ್ನನ್ನು ಕರ್ತನ ಭೋಜನಕ್ಕೆ ಮತ್ತೆ ಸೇರಿಸಿಕೊಳ್ಳಿ ಎಂಬ ಒಂದು ಅರ್ಜಿ. ಅದನ್ನು ಕೊಟ್ಟ ಹೆಣ್ಣುಮಗಳ ವಿಷಯ ಚಿಕ್ಕದು. ಗಂಡ ಕುಡಿದು ಹೊಡೆಯುತ್ತಿದ್ದ. ಆಕೆ ಒಂದು ದಿನ ಮನೆ ಬಿಟ್ಟು ಪಿರಿಯಾಪಟ್ಟಣದ ಕಡೆ ಮತ್ತೊಬ್ಬನ ಜೊತೆ ಬದುಕಿದಳು. ಮೂರು ವರ್ಷದ ನಂತರ ಆತ ಅವಳನ್ನು ಬಿಟ್ಟ. ಮಗಳೊಂದಿಗೆ ತಾಯಿಯ ಮನೆಗೆ ಬಂದಳು, ತೋಟದ ಕೆಲಸ ಹಿಡಿದಳು, ಭಾನುವಾರ ತಪ್ಪದೆ ಕೊನೆಯ ಬೆಂಚಿನಲ್ಲಿ ಕೂತಳು. ಕರ್ತನ ಭೋಜನದಿಂದ ಅವಳನ್ನು ದೂರ ಇಟ್ಟ ಹಳೆಯ ನಿರ್ಣಯ ನಡಾವಳಿಯಲ್ಲಿತ್ತು, ನನ್ನದೇ ಕೈಬರಹದಲ್ಲಿ. ಅವಳ ಗಂಡ ಆ ವರ್ಷಗಳಲ್ಲೆಲ್ಲ ತಿಂಗಳ ಮೊದಲ ಭಾನುವಾರ ಮೇಜಿನ ಬಳಿ ಬಂದು ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡು ಹೋಗುತ್ತಿದ್ದ.

ವೆಸ್ಟ್ರಿಯಲ್ಲಿ ನಡೆದದ್ದು

ಫೆಬ್ರವರಿಯ ಕೊನೆಯ ಭಾನುವಾರ, ದೇವಾಲಯಕ್ಕೆ ಸೇರಿದ ವೆಸ್ಟ್ರಿ ಎಂಬ ಕೋಣೆಯಲ್ಲಿ ಸಮಿತಿ ಕೂಡಿತ್ತು. ಕಾಫಿ ಕೊಯ್ಲು ಮುಗಿದು ಮೆಣಸು ಕೊಯ್ಲು ನಡೆಯುತ್ತಿತ್ತು. ಕಾಫಿ ಹೂ ಅರಳಿಸುವ ಹೂಮಳೆಗಾಗಿ ಎಲ್ಲರ ಕಣ್ಣೂ ಆಕಾಶದ ಮೇಲೆ. ವಿಷಯ ಸಂಖ್ಯೆ 4 ಬಂದಾಗ ಸಭಾಪಾಲಕರು ಅರ್ಜಿಯನ್ನು ಓದುವ ಮೊದಲು ಬೈಬಲ್ ತೆರೆದರು. ವ್ಯಭಿಚಾರದಲ್ಲಿ ಹಿಡಿದ ಹೆಂಗಸನ್ನು ಯೇಸುವಿನ ಮುಂದೆ ನಿಲ್ಲಿಸಿದ ಕಥೆ. ಪಾಪವಿಲ್ಲದವನು ಮೊದಲ ಕಲ್ಲು ಹಾಕಲಿ ಎಂಬ ಮಾತು. ಒಬ್ಬೊಬ್ಬರಾಗಿ ಜಾರಿಹೋದ ಹಿರಿಯರು. ನಾನೂ ನಿನಗೆ ಶಿಕ್ಷೆ ವಿಧಿಸುವುದಿಲ್ಲ ಎಂಬ ಮುಕ್ತಾಯ. ಓದಿ ಮುಗಿಸಿ, "ಇದಕ್ಕಿಂತ ಹೆಚ್ಚಿಗೆ ನಾನೇನೂ ಹೇಳಬೇಕಾಗಿಲ್ಲ. ದೇವರ ವಾಕ್ಯವೇ ಹೇಳಿದೆ" ಎಂದರು.

ರೈಟರ್ ಅಣ್ಣ ಆಗ ಮೊಬೈಲ್ ಹೊರತೆಗೆದರು. ಬೆಂಗಳೂರಿನಲ್ಲಿರುವ ಅವರ ಮಗ ಇಂಗ್ಲಿಷ್ ಬೈಬಲ್ಲಿನ ಒಂದು ಪುಟವನ್ನು ಕಳಿಸಿದ್ದ. ಆ ಅಧ್ಯಾಯದ ನೆತ್ತಿಯ ಮೇಲೆ ಅಡ್ಡಗೆರೆ, ಅದರ ಕೆಳಗೆ ಒಂದು ಸಾಲು: ಅತಿ ಹಳೆಯ ಹಸ್ತಪ್ರತಿಗಳಲ್ಲಿ ಯೋಹಾನ 7:53ರಿಂದ 8:11ರವರೆಗಿನ ಭಾಗ ಇಲ್ಲ. ಇದು ಯಾವುದೋ ನಾಸ್ತಿಕರ ಕರಪತ್ರವಲ್ಲ, ಲಕ್ಷಾಂತರ ಭಕ್ತರು ದಿನವೂ ಓದುವ ಮುದ್ರಿತ ಬೈಬಲ್.

"ಇಲ್ಲದ ವಚನ ಹಿಡಿದು ಕರ್ತನ ಮೇಜನ್ನು ತೆರೆಯಬಹುದೇ ಅಯ್ಯನವರೇ?"

ಎಲ್ಲರೂ ಸಭಾಪಾಲಕರ ಮುಖ ನೋಡಿದರು. ಅವರು ಮೂವತ್ತನಾಲ್ಕರ ಯುವಕರು, ಚೆನ್ನಾಗಿ ಓದಿದವರು. ಅದು ಸುಳ್ಳು ಎನ್ನಲಿಲ್ಲ, ನಿಜ ಎಂದೂ ಒಪ್ಪಲಿಲ್ಲ. "ಬೈಬಲ್ಲಿನಲ್ಲಿ ಅಚ್ಚಾಗಿದೆ, ಆದ್ದರಿಂದ ದೇವರ ವಾಕ್ಯ" ಎಂದಷ್ಟೇ ಹೇಳಿ ಬೈಬಲ್ ಮುಚ್ಚಿದರು. ತೀರ್ಮಾನವನ್ನು ಮುಂದಿನ ತಿಂಗಳಿಗೆ ಹಾಕಲಾಯಿತು.

ಆ ಹೊತ್ತಿನ ವಿಚಿತ್ರವನ್ನು ಗಮನಿಸಿ. ಅಕ್ಷರ ಅಕ್ಷರವೂ ದೇವರ ಉಸಿರು ಎನ್ನುತ್ತಿದ್ದವರು ಹಸ್ತಪ್ರತಿ ಶಾಸ್ತ್ರವನ್ನು ಕೈಗೆತ್ತಿಕೊಂಡಿದ್ದರು. ಹಸ್ತಪ್ರತಿ ಶಾಸ್ತ್ರ ಕಲಿತವರು ಅಚ್ಚಿನ ಅಕ್ಷರದ ಹಿಂದೆ ಅವಿತಿದ್ದರು. ಅವರು ಕಲಿತಿದ್ದರು ಎಂಬುದು ನನಗೆ ಆಮೇಲೆ ಗೊತ್ತಾಯಿತು. ಜನ ಚದುರಿದ ಮೇಲೆ ಜಗುಲಿಯ ಮೇಲೆ ನಿಂತು ಅವರೇ ಹೇಳಿದರು: "ವೇದಶಾಸ್ತ್ರ ಕಾಲೇಜಿನ ಎರಡನೆಯ ವರ್ಷದಲ್ಲಿ ಈ ಭಾಗದ ಮೇಲೆಯೇ ಹದಿನೈದು ಅಂಕದ ಪ್ರಶ್ನೆ ಬರೆದಿದ್ದೇನೆ ಮೇಷ್ಟ್ರೇ."

"ಹಾಗಾದರೆ ಈ ಐದು ವರ್ಷದಲ್ಲಿ ಒಂದು ಪ್ರಸಂಗದಲ್ಲಾದರೂ ಯಾಕೆ ಹೇಳಲಿಲ್ಲ?"

"ಬಂದ ವರ್ಷದ ಕ್ರಿಸ್ಮಸ್ಸಿನ ಗೋದಲಿ ನಿಮಗೆ ನೆನಪಿಲ್ಲವೇ?"

ನೆನಪಿತ್ತು. ಮೂಡಣ ದೇಶದ ಜೋಯಿಸರು ಮೂವರು ಎಂದು ಸುವಾರ್ತೆಯಲ್ಲಿ ಎಲ್ಲಿಯೂ ಬರೆದಿಲ್ಲ, ಕಾಣಿಕೆಗಳು ಮೂರು ಬಗೆ, ಅಷ್ಟೇ ಎಂದು ಅವರು ಪ್ರಸಂಗದಲ್ಲಿ ಹೇಳಿದ್ದರು. ಯುವಕರು ವಾರವಿಡೀ ಕೂತು ಮಾಡಿದ ಮೂರು ಬೊಂಬೆಗಳು ಆಗಲೇ ಗೋದಲಿಯಲ್ಲಿ ನಿಂತಿದ್ದವು. ಒಂದು ಮನೆಯವರು ಎರಡು ತಿಂಗಳು ಅಯ್ಯನವರ ಜೊತೆ ಮಾತು ಬಿಟ್ಟರು. ಮತ್ತಾಯನ ಎರಡನೆಯ ಅಧ್ಯಾಯವನ್ನು ತೆರೆದು ಎಣಿಸಿ ನೋಡುವಷ್ಟು ಸುಲಭದ ವಿಷಯಕ್ಕೇ ಹೀಗಾದರೆ, ಮಿಕ್ಕದ್ದನ್ನು ಹೇಳುವ ಧೈರ್ಯ ಯಾರಿಗೆ ಬರುತ್ತದೆ? ಕಲಿತದ್ದನ್ನೆಲ್ಲ ಟ್ರಂಕಿನಲ್ಲಿಟ್ಟು ಬೀಗ ಹಾಕುವುದೇ ಕ್ಷೇಮವೆಂದು ಅವರಿಗೆ ಅನ್ನಿಸಿದೆ. ಅವರನ್ನು ದೂರುವ ಮೊದಲು ನಾನು ನನ್ನನ್ನೇ ದೂರಿಕೊಳ್ಳಬೇಕು. ಕನ್ನಡ ಎಂ.ಎ. ಓದಿದ ಯಾರಿಗೂ ಪಾಠಾಂತರ, ಪ್ರಕ್ಷಿಪ್ತ ಎಂಬ ಮಾತುಗಳು ಹೊಸತಲ್ಲ. ಓಲೆಗರಿಯನ್ನು ನಕಲು ಮಾಡಿದ ಲಿಪಿಕಾರ ಎಲ್ಲಿ ಸಾಲು ಬಿಟ್ಟ, ಎಲ್ಲಿ ಸೇರಿಸಿದ ಎಂದು ನಾನು ಮಕ್ಕಳಿಗೆ ಹುರುಪಿನಿಂದ ಹೇಳಿದ್ದೇನೆ. ಭಾನುವಾರ ಮಾತ್ರ ಆ ಕನ್ನಡಕವನ್ನು ಮನೆಯಲ್ಲಿ ಬಿಟ್ಟು ಬರುತ್ತಿದ್ದೆ.

ಹನ್ನೆರಡು ವಚನಗಳ ಕಥೆ

ಮುಂದಿನ ಸಮಿತಿಯವರೆಗೆ ನಾಲ್ಕು ವಾರಗಳಿದ್ದವು. ಅಯ್ಯನವರೂ ನಾನೂ ಮಾತನಾಡಿ ಮೂರು ಶುಕ್ರವಾರದ ಪ್ರಾರ್ಥನಾ ಕೂಟಗಳನ್ನು ಇದೇ ವಿಷಯಕ್ಕೆ ಇಟ್ಟೆವು. ಬೀಗ ತೆಗೆಯುವ ಕೆಲಸ ಅವರದು, ಕನ್ನಡದಲ್ಲಿ ಹೇಳುವ ಕೆಲಸ ನನ್ನದು. ಹೇಳಿದ್ದರ ಸಾರ ಇದು.

ಯೋಹಾನನ ಸುವಾರ್ತೆಯ ಮೂಲ ಪ್ರತಿ ಎಲ್ಲಿಯೂ ಉಳಿದಿಲ್ಲ. ಪಂಪನ ಕೈಬರಹ ಹೇಗೆ ನಮಗೆ ಸಿಕ್ಕಿಲ್ಲವೋ ಹಾಗೆಯೇ. ಇರುವುದು ನಕಲಿನ ನಕಲುಗಳು. ಈಜಿಪ್ಟಿನ ಒಣ ಮರಳಿನಿಂದ ಸಿಕ್ಕಿ 1956ರಲ್ಲಿ ಪ್ರಕಟವಾದ, ಸುಮಾರು ಕ್ರಿ.ಶ. 200ರದೆಂದು ಹೇಳುವ ಒಂದು ಪಪೈರಸ್ ಪ್ರತಿಯಲ್ಲಿ ಏಳನೆಯ ಅಧ್ಯಾಯದ 52ನೆಯ ವಚನವಾದ ಕೂಡಲೇ ಎಂಟನೆಯ ಅಧ್ಯಾಯದ 12ನೆಯ ವಚನ ಬರುತ್ತದೆ. ನಾಲ್ಕನೆಯ ಶತಮಾನದ ಎರಡು ಹೆಸರಾಂತ ಪ್ರತಿಗಳಾದ ವ್ಯಾಟಿಕನ್ ಪ್ರತಿ ಮತ್ತು ಸೀನಾಯಿ ಪ್ರತಿಗಳಲ್ಲಿಯೂ ಹಾಗೆಯೇ. ಈ ಕಥೆ ಇರುವ ಅತಿ ಹಳೆಯ ಗ್ರೀಕ್ ಪ್ರತಿ ಐದನೆಯ ಶತಮಾನದ್ದು, ಈಗ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿದೆ. ಪೂರ್ವದ ಸಭೆಗಳಲ್ಲಿ ಯೋಹಾನನ ಸುವಾರ್ತೆಯ ಮೇಲೆ ಸಾಲುಸಾಲಾಗಿ ಪ್ರಸಂಗ ಮಾಡಿದ ಕ್ರಿಸೊಸ್ತೊಮ್ ಇದರ ಮೇಲೆ ಒಂದು ಮಾತೂ ಆಡದೆ ಮುಂದೆ ಹೋಗುತ್ತಾನೆ.

ಇನ್ನೂ ಸ್ವಾರಸ್ಯದ ಸಂಗತಿಯೆಂದರೆ ಈ ಕಥೆಗೆ ಒಂದೇ ಮನೆಯಿಲ್ಲ. ಕೆಲವು ಪ್ರತಿಗಳಲ್ಲಿ ಇದು ಯೋಹಾನನ ಸುವಾರ್ತೆಯ ಕೊನೆಯಲ್ಲಿದೆ. ಒಂದು ಗುಂಪಿನ ಪ್ರತಿಗಳಲ್ಲಿ ಲೂಕನ ಸುವಾರ್ತೆಯ 21ನೆಯ ಅಧ್ಯಾಯದ ಕೊನೆಗೆ ಹೋಗಿ ಕೂತಿದೆ. ಕೆಲವು ಲಿಪಿಕಾರರು ಪಕ್ಕದಲ್ಲಿ ನಕ್ಷತ್ರದ ಗುರುತು ಹಾಕಿ ತಮ್ಮ ಅನುಮಾನವನ್ನು ತಿಳಿಸಿದ್ದಾರೆ. ಎಂಟು, ಒಂಬತ್ತನೆಯ ಶತಮಾನಗಳ ಎರಡು ಪ್ರತಿಗಳಲ್ಲಿ ಕಥೆಯನ್ನು ಬರೆದಿಲ್ಲ, ಆದರೆ ಆ ಜಾಗವನ್ನು ಖಾಲಿ ಬಿಟ್ಟಿದ್ದಾರೆ. ಬರೆಯಲು ಮನಸ್ಸಾಗಲಿಲ್ಲ, ಇಲ್ಲವೆನ್ನಲೂ ಮನಸ್ಸಾಗಲಿಲ್ಲ. ಆ ಖಾಲಿ ಜಾಗದ ಬಗ್ಗೆ ಓದಿದ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಭಾಷೆಯೂ ಸಾಕ್ಷಿ ಹೇಳುತ್ತದೆ. ಶಾಸ್ತ್ರಿಗಳು ಎಂಬ ಮಾತು, ಎಣ್ಣೇಮರಗಳ ಗುಡ್ಡದ ಹೆಸರು ಉಳಿದ ಮೂರು ಸುವಾರ್ತೆಗಳಲ್ಲಿ ಧಾರಾಳವಾಗಿವೆ. ಯೋಹಾನನಲ್ಲಿ ಈ ಹನ್ನೆರಡು ವಚನಗಳನ್ನು ಬಿಟ್ಟರೆ ಎಲ್ಲಿಯೂ ಇಲ್ಲ. ಕವಿಯ ಶೈಲಿಯನ್ನು ಬಲ್ಲವರು ಬೇರೊಬ್ಬನ ಪದ್ಯವನ್ನು ಮೂಸಿ ಹಿಡಿಯುವಂತೆ ವಿದ್ವಾಂಸರು ಇದನ್ನು ಹಿಡಿದಿದ್ದಾರೆ.

ರೈಟರ್ ಅಣ್ಣ ಇಷ್ಟಕ್ಕೇ ನಿಂತಿದ್ದರು. ಅವರ ಮಗ ಕಳಿಸಿದ ಸಾಲಿನಲ್ಲಿಯೂ ಇಷ್ಟೇ ಇತ್ತು. ಕಥೆಯ ಇನ್ನೊಂದು ಅರ್ಧ ಬೇರೆಯೇ ದಿಕ್ಕಿಗೆ ಎಳೆಯುತ್ತದೆ. ಯೂಸೇಬಿಯಸ್ ಎಂಬ ನಾಲ್ಕನೆಯ ಶತಮಾನದ ಸಭಾ ಇತಿಹಾಸಕಾರ, ಅನೇಕ ಪಾಪಗಳ ಆರೋಪ ಹೊತ್ತು ಕರ್ತನ ಮುಂದೆ ನಿಂತ ಒಬ್ಬ ಹೆಂಗಸಿನ ಕಥೆಯನ್ನು ಎರಡನೆಯ ಶತಮಾನದ ಬಿಷಪ್ ಪಪಿಯಸ್ ಹೇಳಿದ್ದನೆಂದು ಬರೆದಿದ್ದಾನೆ. ಇದೇ ಕಥೆಯೋ ಇದರ ಸಂಬಂಧಿಯೋ ಎಂಬುದು ವಿದ್ವಾಂಸರ ಚರ್ಚೆ. ಮೂರನೆಯ ಶತಮಾನದ ಸಿರಿಯಾದಲ್ಲಿ ಬಿಷಪರಿಗಾಗಿ ಬರೆದ ಒಂದು ಕೈಪಿಡಿಯಂತೂ ಈ ಹೆಂಗಸಿನ ಪ್ರಸಂಗವನ್ನೇ ಎತ್ತಿ, ಪಶ್ಚಾತ್ತಾಪಪಟ್ಟು ಬಂದವರನ್ನು ಯೇಸು ನಡೆಸಿಕೊಂಡಂತೆ ನಡೆಸಿಕೊಳ್ಳಿ ಎಂದು ಹೇಳುತ್ತದೆ. ಅಂದರೆ ನಮ್ಮ ಅಯ್ಯನವರು ವೆಸ್ಟ್ರಿಯಲ್ಲಿ ಮಾಡಿದ ಕೆಲಸವನ್ನೇ ಮಾಡುತ್ತದೆ, ಅದೂ ಯೋಹಾನನ ಹೆಸರೆತ್ತದೆ. ಇಪ್ಪತ್ತನೆಯ ಶತಮಾನದ ದೊಡ್ಡ ಪಠ್ಯ ವಿದ್ವಾಂಸ ಬ್ರೂಸ್ ಮೆಟ್ಸ್‌ಗರ್ ಇದು ಯೋಹಾನನದಲ್ಲ ಎನ್ನುತ್ತಲೇ, ನಡೆದ ಘಟನೆಯೊಂದರ ಗುರುತುಗಳೆಲ್ಲ ಇದರಲ್ಲಿವೆ ಎಂದರು.

ಆಮೇಲೆ ಉತ್ತರ ಆಫ್ರಿಕದ ಬಿಷಪ್ ಅಗಸ್ಟಿನ್. ಐದನೆಯ ಶತಮಾನದ ಆರಂಭದಲ್ಲಿ ಆತ ಒಂದು ಊಹೆ ಮಾಡಿದ: ನಂಬಿಕೆ ಸಾಲದ ಕೆಲವು ಗಂಡಸರು, ತಮ್ಮ ಹೆಂಡಿರಿಗೆ ಪಾಪ ಮಾಡಲು ಇದು ಸಲಿಗೆ ಕೊಡುತ್ತದೆ ಎಂದು ಹೆದರಿ, ಪ್ರತಿಗಳಿಂದ ಈ ಭಾಗವನ್ನು ಕಿತ್ತುಹಾಕಿದರು. ಇಂದಿನ ಬಹುಪಾಲು ವಿದ್ವಾಂಸರು ಅಗಸ್ಟಿನನ ಊಹೆಯನ್ನು ಒಪ್ಪುವುದಿಲ್ಲ. ಕಥೆ ಆಮೇಲೆ ಒಳಬಂತೇ ಹೊರತು ಹೊರಹೋದದ್ದಲ್ಲ ಎನ್ನುತ್ತಾರೆ. ನಾನು ಅಗಸ್ಟಿನನ ಊಹೆಯನ್ನು ಹೇಳಿದಾಗ ಮಾತ್ರ ಕೂಟದಲ್ಲಿ ಹೆಂಗಸರ ಕಡೆಯ ಚಾಪೆಗಳಿಂದ ಒಂದು ಸಣ್ಣ ನಗು ಎದ್ದಿತು.

ಟ್ಯೂಬಿಂಗನ್ ಮತ್ತು ಕೊಡಗು

ಎರಡನೆಯ ಶುಕ್ರವಾರ ಒಬ್ಬ ಹುಡುಗ ಎದ್ದುನಿಂತು, "ಇಷ್ಟು ಹಳೆಯ ವಿಷಯವನ್ನು ನಮ್ಮಿಂದ ಯಾರು ಮುಚ್ಚಿಟ್ಟರು?" ಎಂದು ಕೇಳಿದ. ಈ ಪ್ರಕರಣದ ಹೊಟ್ಟೆಯೊಳಗಿನ ಪ್ರಶ್ನೆ ಅದು. ಜನರನ್ನು ನೋಯಿಸಿದ್ದು ಹಸ್ತಪ್ರತಿಗಿಂತ ಹೆಚ್ಚಾಗಿ ಈ ಗುಮಾನಿ.

ನಿಜವಾಗಿ ಯಾರೂ ಮುಚ್ಚಿಡಲಿಲ್ಲ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ದುಡಿದು, ಪೂರ್ಣ ಕನ್ನಡ ಬೈಬಲ್ ಅಚ್ಚಾಗಿ ಬಂದದ್ದು 1831ರಲ್ಲಿ. ಸೀನಾಯಿ ಬೆಟ್ಟದ ಬುಡದ ಮಠದಲ್ಲಿ ಜರ್ಮನ್ ವಿದ್ವಾಂಸ ಟಿಶೆಂಡಾರ್ಫ್ ಆ ಪ್ರಸಿದ್ಧ ಪ್ರತಿಯ ಮೊದಲ ಹಾಳೆಗಳನ್ನು ಕಂಡದ್ದು 1844ರಲ್ಲಿ, ದೊಡ್ಡ ಭಾಗ ಕೈಗೆ ಸಿಕ್ಕಿದ್ದು 1859ರಲ್ಲಿ. ನಮ್ಮ ಮುತ್ತಜ್ಜಂದಿರ ಕೈಗೆ ಬಂದ ಬೈಬಲ್ ಆ ಹಾಳೆಗಳನ್ನು ಕಾಣದ ಕಾಲದ್ದು. 1516ರಲ್ಲಿ ಡಚ್ ವಿದ್ವಾಂಸ ಎರಾಸ್ಮಸ್ ಅಚ್ಚು ಹಾಕಿಸಿದ ಗ್ರೀಕ್ ಪಾಠದ ವಂಶದಲ್ಲಿ ಬಂದ ಬೈಬಲ್ಲುಗಳಲ್ಲಿ ಈ ಕಥೆ ಸಹಜವಾಗಿಯೇ ಇತ್ತು. 1881ರ ಹೊತ್ತಿಗೆ ಇಂಗ್ಲಿಷಿನ ಪರಿಷ್ಕೃತ ಹೊಸ ಒಡಂಬಡಿಕೆ ಇದನ್ನು ಕಂಸದಲ್ಲಿಟ್ಟು ಟಿಪ್ಪಣಿ ಹಾಕಿತು. ನಮಗೆ ಬೈಬಲ್ ಕೊಡುವ ಸೊಸೈಟಿ ಯಾವ ಒಕ್ಕೂಟದ ಸದಸ್ಯನೋ ಆ ಒಕ್ಕೂಟವೇ ಹೊರತರುವ ಗ್ರೀಕ್ ಪಾಠದಲ್ಲಿ ಇದು, ಮೂಲದ್ದಲ್ಲ ಎಂಬ ಗುರುತಾದ ಜೋಡಿ ಕಂಸದೊಳಗಿದೆ. ಎಲ್ಲವೂ ಬಯಲಿನಲ್ಲಿಯೇ ಇತ್ತು. ಹೇಳುವವರು ಹೇಳಲಿಲ್ಲ, ಕೇಳುವವರು ಕೇಳಲಿಲ್ಲ.

ಕೊಡಗಿನವರಾದ ನಮಗೆ ಇನ್ನೊಂದು ಕೊಂಡಿಯಿದೆ. 1853ರಲ್ಲಿ ಕೊಡಗಿಗೆ ಬಂದು, ಮುಂದೆ ಆನಂದಪುರ ಎಂಬ ಕ್ರೈಸ್ತ ನೆಲೆಯನ್ನು ಕಟ್ಟಿದ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ನಮ್ಮ ಮಕ್ಕಳಿಗೆ 1843ರ ಮಂಗಳೂರ ಸಮಾಚಾರದಿಂದ ಗೊತ್ತು. ಅವರು ಓದಿದ ಊರು ಜರ್ಮನಿಯ ಟ್ಯೂಬಿಂಗನ್. ಬೈಬಲ್ಲನ್ನು ಇತಿಹಾಸದ ಕಣ್ಣಿನಿಂದ ವಿಮರ್ಶಿಸಿದ ಬೌರ್ ಆಗ ಅಲ್ಲಿ ಪಾಠ ಹೇಳುತ್ತಿದ್ದರು. 1835ರಲ್ಲಿ ಸ್ಟ್ರೌಸ್ ಬರೆದ ಯೇಸುವಿನ ಜೀವನಚರಿತ್ರೆ ಆ ಊರಿನಿಂದಲೇ ಹೊರಬಿದ್ದು, ಸುವಾರ್ತೆಯ ಅದ್ಭುತಗಳಲ್ಲಿ ಬಹಳಷ್ಟು ಪುರಾಣದ ಬಗೆಯವು ಎಂದು ಯುರೋಪನ್ನೇ ಅಲುಗಿಸಿತು, ಬರೆದವರ ಹುದ್ದೆಯನ್ನೂ ಕಳೆಯಿತು. ಮರುವರ್ಷ ಮೊಗ್ಲಿಂಗ್ ಮಂಗಳೂರಿಗೆ ಬಂದಿಳಿದರು. ಬೈಬಲ್ ವಿಮರ್ಶೆಯ ಒಲೆ ಉರಿಯುತ್ತಿದ್ದ ಮನೆಯಿಂದಲೇ ನಮಗೆ ಬೈಬಲ್ ಬಂತು. ಒಲೆಯ ವಿಷಯ ಮಾತ್ರ ಸಮುದ್ರ ದಾಟಲಿಲ್ಲ. ಅವರ ಮಟ್ಟಿಗೆ ಅದಕ್ಕೆ ಬೇರೆ ಕಾರಣಗಳಿರಬಹುದು, ಜರ್ಮನಿಯ ಕ್ರೈಸ್ತ ಭಕ್ತಿಪಂಥದಲ್ಲಿ ಬೆಳೆದ ಮಿಷನರಿಗಳಿಗೆ ಸ್ಟ್ರೌಸ್ ಶತ್ರುವೇ ಆಗಿದ್ದ. ಆದರೂ ಈ ನೂರಾ ಎಪ್ಪತ್ತು ವರ್ಷದಲ್ಲಿ ನಮ್ಮ ಪ್ರಸಂಗಪೀಠಗಳು ಒಂದು ಸಲವಾದರೂ ಆ ಒಲೆಯ ಬೂದಿಯನ್ನು ತೋರಿಸಬಹುದಿತ್ತು.

ವಿರಾಜಪೇಟೆಯ ಒಬ್ಬ ಕಥೋಲಿಕ ಗೆಳೆಯರಿಗೆ ಈ ಗಲಾಟೆ ಹೇಳಿದಾಗ ನಕ್ಕುಬಿಟ್ಟರು. ಟಿಪ್ಪುವಿನ ಕಾಲದಲ್ಲಿ ಓಡಿಬಂದವರಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಆಶ್ರಯ ಕೊಟ್ಟು 1792ರಲ್ಲಿ ನೆಲೆನಿಂತ ಸಂತ ಅನ್ನಮ್ಮನವರ ದೇವಾಲಯದವರು ಅವರು. "ನಿಮ್ಮದು ಈಗ ಶುರುವಾಯಿತೇ? ನಮಗೆ 1546ರಲ್ಲೇ ತೀರ್ಮಾನವಾಗಿದೆ" ಎಂದರು. ಲ್ಯಾಟಿನ್ ಬೈಬಲ್ಲಿನ ಪುಸ್ತಕಗಳು ಅವುಗಳ ಎಲ್ಲ ಭಾಗಗಳೊಂದಿಗೆ ಪವಿತ್ರ ಎಂದು ಕಥೋಲಿಕ ಬಿಷಪರ ಟ್ರೆಂಟ್ ಮಹಾಸಭೆ ಸಾರಿದ ವರ್ಷ ಅದು. ಮೂರು ವರ್ಷಕ್ಕೊಮ್ಮೆ ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಐದನೆಯ ಭಾನುವಾರ ಅವರಲ್ಲಿ ಇದೇ ಶುಭಸಂದೇಶ ಓದುತ್ತಾರೆ. ಯೋಹಾನನೇ ಬರೆದನೋ ಇಲ್ಲವೋ, ಸಭೆ ಓದುತ್ತದೆ, ಆದ್ದರಿಂದ ಅದು ಶಾಸ್ತ್ರ. ಈ ಉತ್ತರ ನನಗೆ ಪೂರ್ತಿ ಹಿಡಿಸಲಿಲ್ಲ. ನಮ್ಮ ಪ್ರಶ್ನೆಯನ್ನು ಬಿಡಿಸಿ ನೋಡುವ ದಾರಿ ಮಾತ್ರ ಅದರಿಂದಲೇ ಹೊಳೆಯಿತು. ಯಾರು ಬರೆದರು ಎಂಬುದು ಒಂದು ಪ್ರಶ್ನೆ. ನಡೆಯಿತೇ ಎಂಬುದು ಬೇರೆ. ಅದಕ್ಕೆ ನಾವು ತಲೆಬಾಗಬೇಕೇ ಎಂಬುದು ಮತ್ತೂ ಬೇರೆ. ವೆಸ್ಟ್ರಿಯಲ್ಲಿ ನಾವು ಮೂರನ್ನೂ ಒಂದೇ ಗಂಟು ಮಾಡಿದ್ದೆವು. ಹಸ್ತಪ್ರತಿ ಶಾಸ್ತ್ರ ಮೊದಲನೆಯದಕ್ಕೆ ಗಟ್ಟಿಯಾಗಿ ಉತ್ತರಿಸುತ್ತದೆ, ಎರಡನೆಯದಕ್ಕೆ ತಗ್ಗಿದ ದನಿಯಲ್ಲಿ, ಮೂರನೆಯದಕ್ಕೆ ಉತ್ತರಿಸುವುದೇ ಇಲ್ಲ. ರೈಟರ್ ಅಣ್ಣ ಮೊದಲನೆಯದರ ಉತ್ತರ ತಂದು ಮೂರನೆಯದರ ಮೇಲೆ ಇಟ್ಟಿದ್ದರು. ಅಯ್ಯನವರು ಮೂರನೆಯದನ್ನು ಉಳಿಸಿಕೊಳ್ಳಲು ಮೊದಲನೆಯದನ್ನು ನುಂಗಿದ್ದರು.

ಮೂರನೆಯ ಶುಕ್ರವಾರ

ಅಂದು ಜನ ಹೆಚ್ಚು. ಹೂಮಳೆ ಬಿದ್ದು ವಾರವಾಗಿತ್ತು, ಕಾಫಿ ಹೂವಿನ ಘಮ ಕಿಟಕಿಯೊಳಗೆ ಬರುತ್ತಿತ್ತು. ಬೈಬಲ್ಲಿನಲ್ಲಿ ಇಂಥವು ಇನ್ನೂ ಇವೆಯೇ ಎಂದು ಕೇಳಿದರು. ಇವೆ ಎಂದೆ. ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಚನಗಳೂ ಆ ನಾಲ್ಕನೆಯ ಶತಮಾನದ ಎರಡು ಪ್ರತಿಗಳಲ್ಲಿ ಇಲ್ಲ. ನಂಬಿದವರು ಹಾವುಗಳನ್ನು ಎತ್ತುವರು, ವಿಷ ಕುಡಿದರೂ ಕೇಡಾಗದು ಎಂಬ ಮಾತು ಇರುವುದು ಅಲ್ಲಿಯೇ. ತೋಟದಲ್ಲಿ ನಾಗರಹಾವನ್ನು ನಿತ್ಯ ನೋಡುವ ಒಬ್ಬರು, "ಅದು ಹೋದರೆ ನನಗೆ ದುಃಖವಿಲ್ಲ ಮೇಷ್ಟ್ರೇ" ಎಂದು ಎಲ್ಲರನ್ನೂ ನಗಿಸಿದರು. ನಗದೆ ಕೂತವನು ಹಿಂದಿನ ವಾರ ಪ್ರಶ್ನೆ ಕೇಳಿದ ಹುಡುಗ. "ಹನ್ನೆರಡು, ಮತ್ತೆ ಹನ್ನೆರಡು. ಉಳಿದದ್ದರ ಕಥೆ ಏನು?" ಎಂದ. ಸಾವಿರಾರು ಪ್ರತಿಗಳನ್ನು ಹೋಲಿಸಿ ನೋಡಿದವರು ಇಷ್ಟು ಉದ್ದದ ಅನುಮಾನದ ಭಾಗಗಳು ಹೊಸ ಒಡಂಬಡಿಕೆಯಲ್ಲಿ ಈ ಎರಡೇ ಎನ್ನುತ್ತಾರೆ, ಉಳಿದ ಬಹುಪಾಲು ಪಾಠಾಂತರಗಳು ಕಾಗುಣಿತದ್ದೋ ಪದಗಳ ಹಿಂದುಮುಂದಿನದ್ದೋ ಎಂದು ವಿವರಿಸಿದೆ. ಅವನಿಗೆ ಸಮಾಧಾನವಾಗಲಿಲ್ಲ. ಈಗ ಅವನು ಕುಶಾಲನಗರದ ಬೇರೊಂದು ಪ್ರಾರ್ಥನಾ ಗುಂಪಿಗೆ ಹೋಗುತ್ತಾನೆ. ಅಲ್ಲಿ ಇಂಥ ಪಾಠಗಳಿಲ್ಲ. ಅವನ ತಾಯಿ ನನ್ನ ಜೊತೆ ಮಾತನಾಡುತ್ತಾರೆ, ಮೊದಲಿನಷ್ಟಲ್ಲ.

ಕೂಟಕ್ಕೆ ನನ್ನ ನೆರೆಯ ಕೊಡವ ಗೆಳೆಯರೊಬ್ಬರೂ ಕುತೂಹಲಕ್ಕೆ ಬಂದಿದ್ದರು. ಚಹಾ ಕುಡಿಯುವಾಗ ಅವರು ಹೇಳಿದ್ದು ನನ್ನ ಒಂದು ಗಂಟೆಯ ಪಾಠಕ್ಕಿಂತ ಚೆನ್ನಾಗಿತ್ತು. ದುಡಿ ಹಿಡಿದು ಬಾಳೊ ಪಾಟ್ ಎಂಬ ಕೊಡವ ಜಾನಪದ ಹಾಡು ಹಾಡುವವರು ಊರಿಂದೂರಿಗೆ ಸಾಲು ಬದಲಿಸುತ್ತಾರೆ, ಒಕ್ಕದ, ಅಂದರೆ ಮನೆತನದ, ಹೆಸರು ಸೇರಿಸುತ್ತಾರೆ, ಅಜ್ಜ ಹಾಡಿದ್ದನ್ನು ಮೊಮ್ಮಗ ಹಾಗೆಯೇ ಹಾಡುವುದಿಲ್ಲ. ಯಾರೂ ಸುಳ್ಳುಗಾರರೆಂದು ಜಗಳಕ್ಕೆ ನಿಲ್ಲುವುದಿಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು ಆ ಹಾಡುಗಳನ್ನು ಸಂಗ್ರಹಿಸಿ 1924ರಲ್ಲಿ ಅಚ್ಚು ಹಾಕಿಸಿದರು. "ಅದು ಬಂದದ್ದರಿಂದ ಹಾಡು ಉಳಿಯಿತು. ಈಗ ಮಾತ್ರ ಯಾರಾದರೂ ಬೇರೆ ಸಾಲು ಹಾಡಿದರೆ, ಪುಸ್ತಕದಲ್ಲಿ ಹಾಗಿಲ್ಲವಲ್ಲ ಎನ್ನುವ ಹುಡುಗರು ಹುಟ್ಟಿದ್ದಾರೆ" ಎಂದರು.

ಆ ಸಂಜೆ ಕೊನೆಗೆ ಮಾತನಾಡಿದವರು ಓದು ಬಾರದ ಒಬ್ಬ ಅಜ್ಜಿ. ಅರವತ್ತು ವರ್ಷ ಹೆಣ್ಣಾಳಾಗಿ ದುಡಿದವರು. ಈ ಕಥೆಯನ್ನು ಕಿವಿಯಿಂದಲೇ ಕಲಿತವರು. "ಹಳೆಯ ಪುಸ್ತಕದಲ್ಲಿ ಇಲ್ಲ ಎಂದಿರಿ, ಒಪ್ಪಿದೆ. ಪುಸ್ತಕದಲ್ಲಿ ಇಲ್ಲದೆಯೂ ಅಷ್ಟು ಕಾಲ ಇದನ್ನು ಹೇಳಿಕೊಂಡು ಬಂದವರು ಯಾರು ಮೇಷ್ಟ್ರೇ? ಹೆಂಗಸರೇ ಇರಬೇಕು." ಉತ್ತರ ಯಾರಿಗೂ ಗೊತ್ತಿಲ್ಲ ಎಂದೆ. ಅವರು ಅದನ್ನು ಗಮನಿಸಿದಂತೆ ಕಾಣಲಿಲ್ಲ. "ಇನ್ನೊಂದು. ಹಿಡಿದದ್ದು ಇಬ್ಬರನ್ನು ತಾನೇ? ಆ ಗಂಡಸು ಎಲ್ಲಿ ಹೋದ?"

ಮೋಶೆಯ ಧರ್ಮಶಾಸ್ತ್ರದಲ್ಲಿ, ಯಾಜಕಕಾಂಡದ 20ನೆಯ ಅಧ್ಯಾಯದಲ್ಲಿ, ಶಿಕ್ಷೆ ಇಬ್ಬರಿಗೂ ಇದೆ ಎಂದು ಅಯ್ಯನವರು ಮೆಲ್ಲನೆ ಹೇಳಿದರು. ಅಜ್ಜಿ ತಿರುಗಿ ನೋಡಿದ್ದು ಅಯ್ಯನವರನ್ನಲ್ಲ. ಎರಡು ಸಾಲು ಹಿಂದೆ ಆ ಹೆಣ್ಣುಮಗಳ ಗಂಡ ಗೋಡೆಗೆ ಒರಗಿ ನಿಂತಿದ್ದ.

ನಡಾವಳಿ

ಮಾರ್ಚ್ ಕೊನೆಯ ಸಮಿತಿಯಲ್ಲಿ ಅಯ್ಯನವರು ಬೈಬಲ್ ತೆರೆಯಲಿಲ್ಲ. "ಕಳೆದ ಸಲ ನನಗೆ ಗೊತ್ತಿದ್ದದ್ದನ್ನು ನಾನು ಹೇಳಲಿಲ್ಲ. ರೈಟರ್ ಅಣ್ಣ ಹೇಳಿದ್ದು ಸರಿ, ಆ ಭಾಗ ಅತಿ ಹಳೆಯ ಪ್ರತಿಗಳಲ್ಲಿ ಇಲ್ಲ. ಆದರೂ ಈಕೆಯನ್ನು ಸೇರಿಸಿಕೊಳ್ಳಬೇಕು ಎನ್ನುವುದು ನನ್ನ ಮಾತು. ಹೊಣೆ ನನ್ನದು, ವಚನದ್ದಲ್ಲ" ಎಂದರು. ಇದನ್ನು ಮೊದಲ ದಿನವೇ ಹೇಳಿದ್ದರೆ ಒಬ್ಬ ಹುಡುಗ ಉಳಿಯುತ್ತಿದ್ದನೋ ಏನೋ. ನಾನೂ ಅವಸರಪಟ್ಟೆ. ಮೊದಲ ಶುಕ್ರವಾರವೇ ಪಪೈರಸ್ಸಿನಿಂದ ಶುರುಮಾಡಬಾರದಿತ್ತು. ಅಜ್ಜಿಯಿಂದ ಕಥೆ ಹೇಳಿಸಿ ಅಲ್ಲಿಂದ ಹಿಂದಕ್ಕೆ ಹೋಗಬೇಕಿತ್ತು.

ಐವರು ಒಪ್ಪಿದರು, ಇಬ್ಬರು ಸುಮ್ಮನಿದ್ದರು. ರೈಟರ್ ಅಣ್ಣ ವಿರೋಧ ಎಂದು ಬರೆಸಿದರು. ಈಸ್ಟರ್ ಭಾನುವಾರ ಆ ಹೆಣ್ಣುಮಗಳು ಮೇಜಿನ ಬಳಿ ಬಂದಳು. ರೈಟರ್ ಅಣ್ಣ ಆರಾಧನೆಗೆ ಬಂದಿದ್ದರು, ಮೇಜಿನ ಬಳಿಗೆ ಬರಲಿಲ್ಲ. ಮುಂದಿನ ತಿಂಗಳು ಬಂದರು. ಗಂಡನ ವಿಷಯದಲ್ಲಿ ಸಮಿತಿ ಇವತ್ತಿಗೂ ಒಂದು ಸಾಲು ಬರೆದಿಲ್ಲ.

ವರ್ಷಾಂತ್ಯದಲ್ಲಿ ಮೇಲಿನ ಕಚೇರಿಗೆ ಕಳಿಸಲು ನಡಾವಳಿಯ ಶುದ್ಧ ಪ್ರತಿ ಬರೆಯಲು ಕೂತೆ. ಮಾರ್ಚ್ ತಿಂಗಳ ಪುಟದಲ್ಲಿ ವಿಷಯ ಸಂಖ್ಯೆ 4ರ ಎದುರು ನಾನು ಬರೆದದ್ದು ಇಷ್ಟೇ: ಅರ್ಜಿಯನ್ನು ಓದಲಾಯಿತು, ಚರ್ಚಿಸಿ ಒಪ್ಪಲಾಯಿತು. ಅದರ ಪಕ್ಕದ ಅಂಚಿನಲ್ಲಿ, ನನ್ನದಲ್ಲದ ಅಕ್ಷರದಲ್ಲಿ, ಪೆನ್ಸಿಲಿನಿಂದ ಯಾರೋ ಬರೆದಿದ್ದರು: ಯೋಹಾ. 8:11. ಪುಸ್ತಕ ಆ ಒಂಬತ್ತು ತಿಂಗಳು ನಾಲ್ಕು ಮನೆಗಳಿಗೆ ಹೋಗಿಬಂದಿತ್ತು. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವನಿಗೆ ಕೈಬರಹ ಗುರುತಿಸುವುದು ಕಷ್ಟವಲ್ಲ. ಗುರುತಿಸಿದೆ, ಕೇಳಲು ಹೋಗಲಿಲ್ಲ.

ಒಳಗೆ ಸೇರಿಸಿದರೆ, ಅಂದು ಆ ವಚನವನ್ನು ಓದಿಯೇ ತೀರ್ಮಾನಿಸಿದರು ಎಂದು ಮುಂದಿನವರು ತಿಳಿಯುತ್ತಾರೆ. ಅದು ನಡೆದದ್ದಲ್ಲ. ಬಿಟ್ಟರೆ, ಬರೆದವರು ಬರೆಯಲೇ ಇಲ್ಲವೆಂದಾಗುತ್ತದೆ. ಶುದ್ಧ ಪ್ರತಿಯಲ್ಲಿ ವಿಷಯ ಸಂಖ್ಯೆ 4ರ ಕೆಳಗೆ ಎರಡು ಸಾಲು ಖಾಲಿ ಬಿಟ್ಟು ವಿಷಯ ಸಂಖ್ಯೆ 5ಕ್ಕೆ ಹೋದೆ. ಅದು ಛಾವಣಿಯ ತಗಡು ಬದಲಿಸುವ ಲೆಕ್ಕ.